ಬೆರಳಚ್ಚು ಯಂತ್ರದ ಒಡಲೊಳಗೆ

(ಶಾಲಾ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಬೆರಳಚ್ಚು ಯಂತ್ರವೆಂದರೆ ಏನೆಂಬುದನ್ನು ಹಿರಿಯರಿಗೆ ವಿವರಿಸಬೇಕಾಗಿಲ್ಲ. ಆದರೆ ನಮ್ಮ ದೇಶದಲ್ಲಿ ಗೋದ್ರೆಜ್ ಸಂಸ್ಥೆಯವರು 1955ರಲ್ಲಿ ಆರಂಭಿಸಿದ ಇದರ ತಯಾರಿಕೆ 2011ರ ವೇಳೆಗೆ ನಿಂತುಹೋದುದರಿಂದ, ಇಲ್ಲಿ ಕುಳಿತಿರುವ ಮಕ್ಕಳಲ್ಲಿ ಬಹುಮಂದಿ ಇದರ ಸದ್ದನ್ನೇ ಕೇಳಿದವರಲ್ಲ. ವಿದ್ಯುತ್ತಿನ ಹಂಗಿಲ್ಲದೆ, ಕಣ್ಣಿಗೆ ಕಾಣುವ ಸನ್ನೆ, ಸ್ಪ್ರಿಂಗು, ಹಲ್ಲುಗಾಲಿಗಳಿಂದಲೇ ಇದು ನಡೆಯುತ್ತದೆ. ಫೋನನ್ನು ಬಿಚ್ಚಿದರೆ ಅದರ ಕೆಲಸದ ಗುಟ್ಟು ಕಣ್ಣಿಗೆ ಬೀಳುವುದಿಲ್ಲ. ಬೆರಳಚ್ಚು ಯಂತ್ರದ ಮುಚ್ಚಳವನ್ನು ತೆಗೆದು ಕಾಲು ಗಂಟೆ ನೋಡಿದರೆ ಸಾಕು, ಆರನೆಯ ತರಗತಿಯ ಹುಡುಗನಿಗೂ ಅದರ ನಡೆ ತಿಳಿದೀತು. ಆ ಕಾರಣದಿಂದಲೇ ಇಂದು ಈ ವಿಷಯವನ್ನು ಆರಿಸಿಕೊಂಡಿದ್ದೇವೆ.

ಇದರ ಹುಟ್ಟನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇವೆ. ಅಮೆರಿಕದ ಮಿಲ್ವಾಕೀ ನಗರದ ಕ್ರಿಸ್ಟಫರ್ ಶೋಲ್ಸ್ ಎಂಬಾತನು ಇಬ್ಬರು ಜತೆಗಾರರೊಡನೆ 1868ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ಬಂದೂಕು ಮತ್ತು ಹೊಲಿಗೆ ಯಂತ್ರಗಳನ್ನು ಮಾಡುತ್ತಿದ್ದ ರೆಮಿಂಗ್ಟನ್ ಕಾರ್ಖಾನೆಯವರು ಇದನ್ನು ತಯಾರಿಸಿ 1874ರಲ್ಲಿ ಮಾರಾಟಕ್ಕೆ ತಂದರು. ಆ ಮೊದಲ ಯಂತ್ರದಲ್ಲಿ ಮೊಳೆಗಳು ಕಾಗದದ ಅಡಿಯಿಂದ ಬಡಿಯುತ್ತಿದ್ದುದರಿಂದ, ಬರೆದುದು ಕೆಲವು ಸಾಲು ಮೇಲೆ ಸರಿದು ಬರುವ ತನಕ ಬರೆಯುವವನಿಗೇ ಕಾಣುತ್ತಿರಲಿಲ್ಲ! ತಪ್ಪು ಬಿದ್ದರೂ ತಿಳಿಯುತ್ತಿರಲಿಲ್ಲವೆಂದ ಮೇಲೆ ಅಂದಿನ ಬೆರಳಚ್ಚುಗಾರರ ಧೈರ್ಯವನ್ನು ಮೆಚ್ಚಬೇಕು.

ಇನ್ನು ಯಂತ್ರದ ಒಳಕ್ಕೆ ಹೋಗೋಣ. ಕೀಲಿಯನ್ನು ಒತ್ತಿದೊಡನೆ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಸನ್ನೆಗಳು ಎಳೆಯಲ್ಪಟ್ಟು, ತುದಿಯಲ್ಲಿ ಅಚ್ಚಿನ ಮೊಳೆಯನ್ನು ಹೊತ್ತ ಉಕ್ಕಿನ ತೋಳೊಂದು ಮೇಲೇಳುತ್ತದೆ. ಬೆರಳು ಇಳಿಯುವುದು ಅರ್ಧ ಅಂಗುಲದಷ್ಟು. ಮೊಳೆ ಸಾಗುವುದು ಅದರ ಹಲವು ಪಟ್ಟು ದೂರ. ಬೆರಳು ಕೊನೆಯವರೆಗೂ ಮೊಳೆಯನ್ನು ದೂಡುತ್ತಾ ಹೋಗುವುದಿಲ್ಲವೆಂಬುದನ್ನು ಗಮನಿಸಬೇಕು. ಕವಣೆಯಿಂದ ಕಲ್ಲು ಬೀರಿದ ಹಾಗೆ ಅದನ್ನು ಎಸೆಯುತ್ತದೆ. ಕೊನೆಯ ಸ್ವಲ್ಪ ದೂರವನ್ನು ತೋಳು ತನ್ನ ವೇಗದಿಂದಲೇ ದಾಟಿ, ಬಡಿದು, ಹಿಂದಕ್ಕೆ ಬೀಳುತ್ತದೆ. ಆದುದರಿಂದ ಕೀಲಿಯನ್ನು ಅದುಮಿ ಹಿಡಿಯಬಾರದು, ಚುರುಕಾಗಿ ಹೊಡೆದು ಬಿಡಬೇಕು ಎಂದು ಕಲಿಸುತ್ತಿದ್ದರು. ಮೊಳೆಗೂ ಕಾಗದಕ್ಕೂ ನಡುವೆ ಮಸಿ ಹೀರಿದ ರಿಬ್ಬನ್ನು ಆ ಕ್ಷಣಕ್ಕೆ ಮಾತ್ರ ಮೇಲೆದ್ದು ಮತ್ತೆ ಇಳಿಯುತ್ತದೆ. ಪ್ರತಿ ಏಟಿಗೂ ಅದು ತುಸು ಸರಿಯುವುದರಿಂದ ಒಂದೇ ಕಡೆ ಮಸಿ ಬತ್ತುವುದಿಲ್ಲ.

ನಮ್ಮ ಎಣಿಕೆಯಲ್ಲಿ ಈ ಯಂತ್ರದ ನಿಜವಾದ ಜಾಣ್ಮೆ ಇರುವುದು ಮೊಳೆಯಲ್ಲಿ ಅಲ್ಲ. ಕಾಗದವನ್ನು ಹೊತ್ತ ಕ್ಯಾರೇಜು ಪ್ರತಿ ಅಕ್ಷರಕ್ಕೂ ಒಂದೇ ಒಂದು ಹೆಜ್ಜೆ ಇಡುವುದರಲ್ಲಿ. ಆ ಹೆಜ್ಜೆ ಸಾಮಾನ್ಯ ಇಂಗ್ಲಿಷ್ ಯಂತ್ರದಲ್ಲಿ ಅಂಗುಲದ ಹತ್ತನೆಯ ಒಂದು ಭಾಗ. ಕ್ಯಾರೇಜಿಗೆ ಒಂದು ಪಟ್ಟಿ ಕಟ್ಟಿದೆ; ಆ ಪಟ್ಟಿಯ ಇನ್ನೊಂದು ತುದಿ ಸುರುಳಿ ಸ್ಪ್ರಿಂಗನ್ನು ಒಳಗೊಂಡ ಡಬ್ಬಿಗೆ ಸುತ್ತಿಕೊಂಡಿದೆ. ಸ್ಪ್ರಿಂಗು ಯಾವಾಗಲೂ ಕ್ಯಾರೇಜನ್ನು ಎಡಕ್ಕೆ ಎಳೆಯುತ್ತಲೇ ಇರುತ್ತದೆ. ತಡೆಯುವವರಿಲ್ಲದಿದ್ದರೆ ಅದು ಒಂದೇ ಓಟಕ್ಕೆ ಕೊನೆ ಮುಟ್ಟೀತು. ತಡೆಯುವುದು ಒಂದು ಹಲ್ಲುಗಾಲಿ ಮತ್ತು ಅದರ ಹಲ್ಲುಗಳ ನಡುವೆ ನಿಂತ ಎರಡು ತಡೆಗಳು. ಒಂದು ತಡೆ ಬಿಗಿಯಾದುದು, ಇನ್ನೊಂದು ತುಸು ಪಕ್ಕಕ್ಕೆ ಜಗ್ಗಬಲ್ಲದು. ಮೆಕ್ಯಾನಿಕರು ಇವನ್ನು ‘ಡಾಗ್’ ಎನ್ನುತ್ತಾರೆ. ಬಾಗಿಲು ಕಾಯುವ ಕೆಲಸವಾದುದರಿಂದ ಹೆಸರು ನಮಗೆ ಒಪ್ಪಿಗೆಯೇ. ಯಂತ್ರ ಸುಮ್ಮನಿರುವಾಗ ಗಾಲಿಯನ್ನು ಹಿಡಿದಿರುವುದು ಜಗ್ಗುವ ತಡೆ. ಮೊಳೆಯ ತೋಳು ಕಾಗದವನ್ನು ಮುಟ್ಟುವ ಮುನ್ನ ಒಂದು ಪಟ್ಟಿಯನ್ನು ಒತ್ತುತ್ತದೆ. ಆಗ ಬಿಗಿ ತಡೆ ಹಲ್ಲಿನೊಳಗೆ ಹೊಕ್ಕು ಗಾಲಿಯನ್ನು ಹಿಡಿಯುತ್ತದೆ. ಬಿಡುಗಡೆಯಾದ ಜಗ್ಗುವ ತಡೆ ಪಕ್ಕಕ್ಕೆ ಹಾರಿ ಮುಂದಿನ ಹಲ್ಲಿಗಾಗಿ ಕಾದು ನಿಲ್ಲುತ್ತದೆ. ಬೆರಳೆತ್ತಿದಾಗ ಬಿಗಿ ತಡೆ ಹೊರಬರುತ್ತದೆ, ಜಗ್ಗುವ ತಡೆ ಆ ಮುಂದಿನ ಹಲ್ಲನ್ನು ಹಿಡಿದು ತನ್ನ ಸ್ಥಾನಕ್ಕೆ ಮರಳುತ್ತದೆ, ಗಾಲಿ ಒಂದೇ ಹಲ್ಲು ತಿರುಗುತ್ತದೆ. ಹೀಗೆ ಮೊಳೆ ಬಡಿಯುವಾಗ ಕಾಗದ ನಿಶ್ಚಲ; ಬೆರಳೆತ್ತಿದ ಮೇಲೆ ಚಲನೆ. ಗೋಡೆಯ ಗಡಿಯಾರ ಟಿಕ್ ಟಿಕ್ ಎನ್ನುವುದೂ ಇಂಥದೇ ಏರ್ಪಾಡಿನಿಂದ.

ಗಡಿಯಾರಕ್ಕೆ ಕೀ ಕೊಡಬೇಕು. ಇದಕ್ಕೆ ಯಾರು ಕೊಡುತ್ತಾರೆ? ಸಾಲು ಮುಗಿಯುವ ಮುನ್ನ ಗಂಟೆ ಬಾರಿಸಿದಾಗ ಬರೆಯುವವನು ಕ್ಯಾರೇಜನ್ನು ಬಲಕ್ಕೆ ತಳ್ಳುತ್ತಾನಲ್ಲ, ಆ ತಳ್ಳಿನಲ್ಲಿಯೇ ಸ್ಪ್ರಿಂಗು ಮತ್ತೆ ಸುತ್ತಿಕೊಳ್ಳುತ್ತದೆ.

ಪ್ರತಿ ಮೊಳೆಯ ಮೇಲೆ ಎರಡು ಅಕ್ಷರಗಳು ಒಂದರ ಮೇಲೊಂದು ಇರುತ್ತವೆ. ಶಿಫ್ಟ್ ಕೀಲಿಯನ್ನು ಒತ್ತಿದರೆ ಕ್ಯಾರೇಜೋ ಮೊಳೆಗಳ ಗುಂಪೋ ನಿಜವಾಗಿಯೇ ಸ್ಥಳಾಂತರಗೊಂಡು ಇನ್ನೊಂದು ಅಕ್ಷರ ಕಾಗದಕ್ಕೆ ಎದುರಾಗುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಏನೂ ಸರಿಯದಿದ್ದರೂ ಆ ಕೀಲಿಗೆ ‘ಶಿಫ್ಟ್’ ಎಂಬ ಹೆಸರು ಉಳಿದುಬಂದುದು ಇಲ್ಲಿಂದ.

ಹಾಗಾದರೆ 44 ಕೀಲಿಗಳ ಯಂತ್ರದಲ್ಲಿ 88 ಗುರುತುಗಳು ಮಾತ್ರ. ಇಂಗ್ಲಿಷಿಗೆ ಇದು ಧಾರಾಳವಾಯಿತು. ಕನ್ನಡದ ಪಾಡೇನು? ನಮ್ಮ 34 ವ್ಯಂಜನಗಳು 13 ಸ್ವರಗಳೊಡನೆ ಕೂಡಿದರೆ ಗುಣಿತಾಕ್ಷರಗಳೇ 442. ಮೇಲೆ ಒತ್ತಕ್ಷರಗಳು, ಅಂಕಿಗಳು, ವಿರಾಮ ಚಿಹ್ನೆಗಳು. ಯಂತ್ರಕ್ಕೆ ಹೊಂದುವಂತೆ ಲಿಪಿಯನ್ನೇ ತಿದ್ದಬೇಕೆಂಬ ವಾದಗಳೂ ಒಂದು ಕಾಲಕ್ಕೆ ಹೊರಟವು. ಕನ್ನಡ ಯಂತ್ರವನ್ನು ರೂಪಿಸಿದವರು ಲಿಪಿಯನ್ನು ಬಿಟ್ಟುಕೊಡಲಿಲ್ಲ. ಅಕ್ಷರಗಳನ್ನು ತುಂಡುಗಳಾಗಿ ಬಿಡಿಸಿ ಒಡಲು ಬೇರೆ, ಕೊಂಬು ಬೇರೆ, ಒತ್ತು ಬೇರೆ ಎಂದು ಹಂಚಿದರು. ಆದರೆ ಒತ್ತು ಅಕ್ಷರದ ಕೆಳಗೆ ಬೀಳಬೇಕು. ಪ್ರತಿ ಏಟಿಗೂ ಕ್ಯಾರೇಜು ಹೆಜ್ಜೆಯಿಟ್ಟರೆ ಪಕ್ಕಕ್ಕೆ ಬಿದ್ದೀತು. ಇದಕ್ಕಾಗಿ ಭಾರತೀಯ ಲಿಪಿಗಳ ಯಂತ್ರಗಳಲ್ಲಿ ಕೆಲವು ಕೀಲಿಗಳ ತೋಳುಗಳನ್ನು, ಮೊದಲು ಹೇಳಿದ ಪಟ್ಟಿಯನ್ನು ಒತ್ತದಂತೆ ಮಾಡಿದರು. ಗುರುತು ಮೂಡುತ್ತದೆ, ಗಾಲಿ ತಿರುಗುವುದಿಲ್ಲ. ಮುಂದಿನ ಏಟು ಅದೇ ಜಾಗದಲ್ಲಿ ಬಿದ್ದು ಎರಡೂ ಕೂಡಿ ಒಂದಕ್ಷರವಾಗುತ್ತದೆ. ಅಚ್ಚುಮೊಳೆಯ ಮುದ್ರಣದ ಅಂದ ಇದಕ್ಕೆ ಬರಲಿಲ್ಲವೆಂಬುದು ನಿಜ. ಅಗಲವಾದ ಅಕ್ಷರಕ್ಕೂ ಕಿರಿದಾದ ಅಕ್ಷರಕ್ಕೂ ಸಮನಾದ ಜಾಗವನ್ನೇ ಕೊಟ್ಟರೆ ಅಂದ ಎಲ್ಲಿಂದ ಬರಬೇಕು? ಆದರೂ ಓದಲು ಬರುವ ಕನ್ನಡವದು.

ಪೋಷಕರು ಇದನ್ನು ಗಮನಿಸಬೇಕೆಂದು ನಮ್ಮ ಕೋರಿಕೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳ ರಾಜ್ಯಕ್ಕೆ ಸೇರಿತು. ರಾಜ್ಯದಲ್ಲಿ ಅಥವಾ ಒಕ್ಕೂಟದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಅಲ್ಪಸಂಖ್ಯಾತ ಭಾಷಿಕರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಒದಗಿಸುವ ವಿಷಯವನ್ನು 350ಎ ವಿಧಿ ಹೇಳುತ್ತದೆ. ಹಕ್ಕು ಕಾಗದದಲ್ಲಿದ್ದರೆ ಸಾಲದು; ಕೇಳಿದ್ದೇವೆಂಬುದಕ್ಕೆ ನಮ್ಮ ಕೈಯಲ್ಲೂ ಕಾಗದ ಇರಬೇಕು. ಮೊಳೆಯ ಏಟಿಗೆ ಎರಡು ಮೂರು ತೆಳುಕಾಗದಗಳನ್ನೂ ಅವುಗಳ ನಡುವಿನ ಕಾರ್ಬನ್ನನ್ನೂ ದಾಟಿ ಅಚ್ಚೊತ್ತುವ ಬಲವಿತ್ತು. ಒಂದು ಪ್ರತಿ ಅಧಿಕಾರಿಗೆ ಹೋದರೆ, ಅದೇ ಏಟಿನ ಇನ್ನೊಂದು ಪ್ರತಿ ಮನವಿದಾರನಲ್ಲಿ ಉಳಿಯುತ್ತಿತ್ತು. ಇಂದು ಈ-ಮೇಲಿನಲ್ಲಿ ಮಕ್ಕಳು ಕಾಣುವ ‘ಸಿಸಿ’ ಎಂಬುದು ಆ ಕಾರ್ಬನ್ ಕಾಪಿಯ ಹೆಸರೇ.

ಕನ್ನಡ ಶಾಲೆ, ಕನ್ನಡ ಅಧ್ಯಾಪಕ, ಕನ್ನಡ ಪಠ್ಯಪುಸ್ತಕಕ್ಕಾಗಿ ಬರೆದ ಇಂಥ ಮನವಿಗಳ ಪ್ರತಿಗಳು ನಿಮ್ಮ ಮನೆಯ ಅಟ್ಟದಲ್ಲೋ ಹಿರಿಯರ ಪೆಟ್ಟಿಗೆಯಲ್ಲೋ ಇದ್ದರೆ ದಯಮಾಡಿ ಶಾಲೆಗೆ ತಂದು ತೋರಿಸಿರಿ. ನಕಲು ತೆಗೆದು ಮೂಲವನ್ನು ನಿಮಗೇ ಹಿಂತಿರುಗಿಸುತ್ತೇವೆ. ತೆಳುಕಾಗದ ಮಡಿಕೆಯಲ್ಲಿ ಬೇಗ ಹರಿಯುತ್ತದೆ; ಆದುದರಿಂದ ಮಡಿಚಿಟ್ಟುದನ್ನು ಮನೆಯಲ್ಲಿ ಬಿಡಿಸದೆ ಹಾಗೆಯೇ ತನ್ನಿರಿ.