ಮೈದಾನದ ಮೇಲೆ ಡ್ರೋನ್ ಯಾಕೆ ಹಾರಿಸಲಿಲ್ಲ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಡ್ರೋನ್ ತಂದಿದ್ದೇನೆ ಎಂಬ ಸುದ್ದಿ ನನಗಿಂತ ಮೊದಲೇ ಶಾಲೆಗೆ ಬಂದಿತ್ತು. ಬೆಳಿಗ್ಗೆಯಿಂದ ಹತ್ತಾರು ಮಕ್ಕಳು "ಸರ್, ಯಾವಾಗ ಹಾರಸ್ತೀರಿ?" ಎಂದು ಕೇಳಿದ್ದಾರೆ. ಮೆರವಣಿಗೆ ನಡೆಯುವಾಗ ಮೇಲಿನಿಂದ ವಿಡಿಯೋ ತೆಗೆಯಿರಿ ಎಂದು ಸಮಿತಿಯವರೂ ಹೇಳಿದರು. ನಾನು ಒಪ್ಪಲಿಲ್ಲ. ಊರಿಗೆ ಬಂದ ಹುಡುಗ ಬಿಗುಮಾನ ಮಾಡುತ್ತಾನೆ ಅಂದುಕೊಳ್ಳಬೇಡಿ. ಕಾರಣ ಹೇಳುತ್ತೇನೆ.

ಮೂರು ವರ್ಷದ ಹಿಂದೆ ದೇವದುರ್ಗದ ಕಡೆ ನಮ್ಮ ಮಾವನ ಹೊಲಕ್ಕೆ ಹೋಗಿದ್ದೆ. ಹತ್ತಿ ಬಿಡಿಸುವ ಕಾಲ. 249 ಗ್ರಾಂನ ಸಣ್ಣ ಡ್ರೋನ್, ಕೊಂಡು ಒಂದು ವಾರವೂ ಆಗಿರಲಿಲ್ಲ. ಹುಣಸೆ ಮರಗಳ ಆಚೆ ಕಳಿಸಿದೆ, ಕಣ್ಣಿಗೆ ಮರೆಯಾಯಿತು, ಸಿಗ್ನಲ್ ತಪ್ಪಿತು. ಸಿಗ್ನಲ್ ತಪ್ಪಿದರೆ ಡ್ರೋನ್ ತಾನೇ ಹೊರಟ ಜಾಗಕ್ಕೆ ಮರಳುತ್ತದೆ. ಆದರೆ ಎಷ್ಟು ಎತ್ತರದಲ್ಲಿ ಮರಳಬೇಕೆಂದು ನಾವು ಮೊದಲೇ ಹೇಳಿರಬೇಕು. ನಾನು 20 ಮೀಟರ್ ಇಟ್ಟಿದ್ದೆ. ದಾರಿಯಲ್ಲಿ ದೊಡ್ಡ ಕರೆಂಟಿನ ತಂತಿಗಳಿದ್ದವು. ಅವಕ್ಕೆ ಬಡಿದು ಬಿತ್ತು.

ಬಿದ್ದದ್ದು ಬೇವಿನ ಮರದ ಹತ್ತಿರ. ಆ ಮರಕ್ಕೆ ಸೀರೆಯ ಜೋಳಿಗೆ ಕಟ್ಟಿ ಒಬ್ಬ ತಾಯಿ ಕೂಸನ್ನು ಮಲಗಿಸಿದ್ದಳು. ಜೋಳಿಗೆಗೂ ಡ್ರೋನ್‌ಗೂ ನಡುವೆ ನಾಲ್ಕು ಮಾರು ಇರಲಿಲ್ಲ. ಆ ತಾಯಿ ಬೈಯಲಿಲ್ಲ. "ತಮ್ಮಾ, ಕೂಸಿನ ಮ್ಯಾಲೆ ಬಿದ್ದಿದ್ರ ಏನ್ ಮಾಡ್ತಿದ್ದಿ?" ಎಂದಷ್ಟೇ ಕೇಳಿದಳು. ನಾನು ಬಿ.ಇ. ಓದಿದವನು, ಉತ್ತರ ಇರಲಿಲ್ಲ. ಆ ರಾತ್ರಿ, ಒಂಬತ್ತನೇ ತರಗತಿಯಲ್ಲಿ ಇದೇ ಶಾಲೆಯಲ್ಲಿ ಕಲಿತ ಚಲನೆಯ ಸಮೀಕರಣ ಹಾಕಿ ನೋಡಿದೆ. ಗಾಳಿಯ ತಡೆ ಬಿಟ್ಟರೆ, 20 ಮೀಟರ್ ಎತ್ತರದಿಂದ ಬೀಳುವ ವಸ್ತು ನೆಲ ಮುಟ್ಟುವಾಗ ಗಂಟೆಗೆ ಸುಮಾರು 70 ಕಿ.ಮೀ. ವೇಗದಲ್ಲಿರುತ್ತದೆ. ಲೆಕ್ಕ ಗೊತ್ತಿತ್ತು, ಉಪಯೋಗಿಸಿರಲಿಲ್ಲ.

ಆಮೇಲೆ 2021ರ ಡ್ರೋನ್ ನಿಯಮಗಳನ್ನು ಕೂತು ಓದಿದೆ. 250 ಗ್ರಾಂವರೆಗಿನದು ನ್ಯಾನೋ, ಅದಕ್ಕಿಂತ ಹೆಚ್ಚು, 2 ಕೆ.ಜಿ.ವರೆಗಿನದು ಮೈಕ್ರೋ. ಇವೆರಡನ್ನೂ ಹವ್ಯಾಸಕ್ಕೆ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಹಾಗೆಂದರೆ ಎಲ್ಲಿ ಬೇಕಾದರೂ ಹಾರಿಸಬಹುದು ಎಂದಲ್ಲ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ವಲಯಗಳಿವೆ. ಹಸಿರಿನಲ್ಲಿ 400 ಅಡಿವರೆಗೆ ಅನುಮತಿ ಕೇಳಬೇಕಿಲ್ಲ. ಕೆಂಪಿನಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ ಇಲ್ಲದೆ ಏರಿಸುವಂತಿಲ್ಲ. ನಕ್ಷೆಯನ್ನು ಪ್ರತಿ ಸಲ ನೋಡಬೇಕು, ಯಾಕೆಂದರೆ ಎಸ್‌ಪಿ ದರ್ಜೆಯ ಅಧಿಕಾರಿ 96 ಗಂಟೆಗಳವರೆಗೆ ಯಾವುದೇ ಜಾಗವನ್ನು ತಾತ್ಕಾಲಿಕ ಕೆಂಪು ವಲಯ ಮಾಡಬಹುದು. ನಿಯಮ ಮುರಿದರೆ ದಂಡ 1 ಲಕ್ಷ ರೂಪಾಯಿವರೆಗೆ.

ನಮ್ಮ ಜಿಲ್ಲೆಯಲ್ಲಿ ಇದು ಬರೀ ಕಾಗದದ ಮಾತಲ್ಲ. ಶಕ್ತಿನಗರದಲ್ಲಿ, ಯರಮರಸ್‌ನಲ್ಲಿ ವಿದ್ಯುತ್ ಸ್ಥಾವರಗಳಿವೆ, ಅಲ್ಲಿಂದ ಹೊರಟ ಟವರ್‌ಗಳು ಹೊಲಗಳ ಮೇಲೆ ಹಾದುಹೋಗಿವೆ. ರಾಯಚೂರಿನ ಕೋಟೆ ಮೇಲಿನಿಂದ ಚೆನ್ನಾಗಿ ಕಾಣುತ್ತದೆ ಅನ್ನುವುದು ನಿಜ, ಆದರೆ ಕೆಳಗೆ ಪೇಟೆ, ಮನೆಗಳು, ಬಟ್ಟೆ ಒಣಗಿಸುವ ಮಾಳಿಗೆಗಳು. ಯಾರದೋ ಅಂಗಳದ ಮೇಲೆ ಕ್ಯಾಮೆರಾ ನಿಲ್ಲಿಸಿದರೆ ಅವರಿಗೆ ಹೇಗನ್ನಿಸುತ್ತದೆ? ಕೃಷ್ಣಾ ದಂಡೆಯಲ್ಲೂ ಅಷ್ಟೆ, ಅಲ್ಲಿ ಹೆಣ್ಣುಮಕ್ಕಳು ಸ್ನಾನಕ್ಕೆ, ಬಟ್ಟೆಗೆ ಬಂದಿರುತ್ತಾರೆ. ಅದೂ ಅಲ್ಲದೆ, ಹರಿಯುವ ನೀರಿನ ಮೇಲೆ ತಗ್ಗಿನಲ್ಲಿ ಹಾರಿದರೆ ಡ್ರೋನಿನ ಕೆಳಗಿನ ಸೆನ್ಸರ್‌ಗೆ ನೆಲ ಯಾವುದು ಎಂಬುದೇ ತಿಳಿಯದು. ಪ್ರವಾಹದ ಸಮಯದಲ್ಲಂತೂ ವಿಡಿಯೋ ಆಸೆಗೆ ಹೋಗಲೇಬೇಡಿ. ರಕ್ಷಣೆಗೆ ಬರುವ ಹೆಲಿಕಾಪ್ಟರ್‌ಗೆ ಈ ಆಟಿಕೆ ಕಲ್ಲಿನಂತೆ ಬಡಿಯುತ್ತದೆ.

ಹಾಗಾದರೆ ಎಲ್ಲಿ? ನನಗೆ ಹಿಡಿಸಿದ್ದು ಮಾನ್ವಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಭತ್ತದ ಗದ್ದೆಗಳು, ಅದೂ ಕೊಯ್ಲು ಮುಗಿದ ಮೇಲೆ. ಬಯಲು, ಜನ ಇಲ್ಲ. ಹೊಲದ ಒಡೆಯರನ್ನು ಕೇಳಿಯೇ ಹೋಗುತ್ತೇನೆ. ಕೇಳಿದರೆ ಯಾರೂ ಬೇಡ ಅಂದಿಲ್ಲ, ಚಹಾ ಕೊಟ್ಟಿದ್ದಾರೆ. ಎರೆಮಣ್ಣಿನ ಧೂಳು ಮೋಟಾರಿಗೆ ಹೋಗದಂತೆ ಒಂದು ತಾಡಪತ್ರಿ ಹಾಸಿ ಅದರಿಂದ ಏರಿಸುತ್ತೇನೆ. ನನ್ನ ಡ್ರೋನ್‌ಗೆ 40 ಡಿಗ್ರಿ ಮಿತಿ. ನಮ್ಮ ಬೇಸಿಗೆಯಲ್ಲಿ ಅದು ಮಧ್ಯಾಹ್ನದ ಮೊದಲೇ ದಾಟುತ್ತದೆ. ಅದಕ್ಕೆ ಬೆಳಿಗ್ಗೆ ಎಂಟರೊಳಗೆ ಮುಗಿಸುತ್ತೇನೆ. ಹದ್ದು ಸುತ್ತಲು ಶುರು ಮಾಡಿದರೆ ಇಳಿಸಿಬಿಡುತ್ತೇನೆ, ಆಕಾಶ ಅದರದ್ದು.

ಇಂದು ಬೆಳಿಗ್ಗೆ ಆರೂವರೆಗೆ, ನೀವು ಯಾರೂ ಬರುವ ಮೊದಲು, ನಕ್ಷೆ ನೋಡಿ ಹತ್ತು ನಿಮಿಷ ಹಾರಿಸಿದ್ದೇನೆ. ಮೈದಾನದಲ್ಲಿ ಸುಣ್ಣದಿಂದ ಬರೆದ "50" ಚೆನ್ನಾಗಿ ಬಂದಿದೆ, ಈ ಸಂಪುಟಕ್ಕೆ ಕೊಡುತ್ತೇನೆ. ಇನ್ನೊಂದು ಚಿತ್ರದಲ್ಲಿ ಮಾಳಿಗೆಯ ನೀರಿನ ಟ್ಯಾಂಕಿಗೆ ಮುಚ್ಚಳ ಇಲ್ಲದಿರುವುದು ಕಾಣುತ್ತದೆ. ಅದನ್ನು ಮುಖ್ಯೋಪಾಧ್ಯಾಯರ ಫೋನಿಗೆ ಕಳಿಸಿದ್ದೇನೆ. ಹೊಸ ಮುಚ್ಚಳದ ಖರ್ಚು ನಮ್ಮ ಬ್ಯಾಚಿನವರದ್ದು.

ಹಾರಿಸುವುದನ್ನು ಕಲಿಯಬೇಕೆನ್ನುವವರು ನಾಳೆ ಬೆಳಿಗ್ಗೆ ಆರೂವರೆಗೆ ಶಾಲೆಯ ಹಿಂದಿನ ಹೊಲಕ್ಕೆ ಬನ್ನಿ. ಮನೆಯ ಹಿರಿಯರೊಬ್ಬರು ಜೊತೆಗಿರಲಿ. ಒಡೆಯರನ್ನು ಕೇಳಿಯಾಗಿದೆ.