ಸರ್ಕಲ್ ಇದೆ, ದಾರಿ ಬಿಡೋ ರೂಢಿ ಎಲ್ಲಿ?



ನಾವೆಲ್ಲ ದಿನಾ ಬೈಕೊಂಡೇ ದಾಟುವ ಒಂದು ಜಾಗದ ಬಗ್ಗೆ ಇವತ್ತಿನ ಮಾತು. ಜಂಕ್ಷನ್. ನಾಲ್ಕು ರಸ್ತೆ ಕೂಡೋ ಜಾಗ. ಅಲ್ಲಿ ಸಿಕ್ಕಿಹಾಕಿಕೊಂಡಾಗ ಪಕ್ಕದ ಗಾಡಿಯವರು ಒಂದು ಮಾತು ಹೇಳೇ ಹೇಳ್ತಾರೆ: "ನಮ್ಮ ಜನಕ್ಕೆ ಶಿಸ್ತಿಲ್ಲ ಬಿಡಿ ಸಾರ್, ಎಂಥಾ ರಸ್ತೆ ಮಾಡಿಕೊಟ್ರೂ ಅಷ್ಟೇ." ಈ ಮಾತು ನಿಜಾನಾ ಅಂತ ಇವತ್ತು ನೋಡೋಣ.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ನಾನು ಓದಿದ್ದು ಬಿ.ಕಾಂ., ಎಂಜಿನಿಯರ್ ಅಲ್ಲ. ಹಾಗಾಗಿ ಜಂಕ್ಷನ್ ನೋಡಿದಾಗ ನನಗೆ ಮೊದಲು ಹೊಳೆಯೋದು ಲೆಕ್ಕ. ಇಲ್ಲಿ ದಾರಿ ಬಿಟ್ಟವರಿಗೆ ಏನು ಸಿಗುತ್ತೆ, ನುಗ್ಗಿದವರಿಗೆ ಏನು ಸಿಗುತ್ತೆ? ತಪ್ಪು ಮಾಡಿದರೆ ಅದರ ಬೆಲೆ ಎಷ್ಟು, ಆ ಬೆಲೆ ಕೊಡೋರು ಯಾರು?

ಬೆಲೆ ಸಣ್ಣದಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ನೂರಕ್ಕೆ ಹತ್ತಿರ ಹತ್ತಿರ 45 ಜನ ದ್ವಿಚಕ್ರ ವಾಹನದಲ್ಲಿ ಇದ್ದವರು. ಅಂದ್ರೆ ನಿಮ್ಮ ನನ್ನ ಹಾಗೆ ಸ್ಕೂಟರ್, ಬೈಕ್ ಹತ್ತಿ ಮನೆಯಿಂದ ಹೊರಟವರು.

ಈಗ ಒಂದು ಹಾಳೆ ತಗೊಂಡು ನಾಲ್ಕು ರಸ್ತೆ ಕೂಡೋ ಚೌಕದ ಚಿತ್ರ ಬರೀರಿ. ಪ್ರತಿ ರಸ್ತೆಯಿಂದ ಬರೋ ಗಾಡಿ ಎಡಕ್ಕೆ, ನೇರಕ್ಕೆ, ಬಲಕ್ಕೆ ಹೋಗೋ ಗೆರೆ ಎಳೀರಿ. ಗೆರೆಗಳು ಒಂದನ್ನೊಂದು ಮುಟ್ಟುವ, ದಾಟುವ, ಕವಲೊಡೆಯುವ ಜಾಗ ಎಣಿಸಿದ್ರೆ 32 ಬರುತ್ತೆ. ಅಷ್ಟು ಕಡೆ ಗಾಡಿ ಗಾಡಿಗೆ ತಾಗೋ ಸಾಧ್ಯತೆ ಇದೆ ಅಂತ ಅರ್ಥ. ಅದೇ ಜಾಗದಲ್ಲಿ ಮಧ್ಯೆ ಒಂದು ವೃತ್ತ ಇಟ್ಟು, ಎಲ್ಲರೂ ಒಂದೇ ದಿಕ್ಕಲ್ಲಿ ಸುತ್ತಿ ಹೋಗೋ ಹಾಗೆ ಮಾಡಿ. ಒಂದೇ ಲೇನ್ ಇರೋ ವೃತ್ತವಾದ್ರೆ ಆ ಸಂಖ್ಯೆ 8ಕ್ಕೆ ಇಳಿಯುತ್ತೆ. ಎದುರುಬದುರು ಗುದ್ದೋದು, ಅಡ್ಡ ಬಂದು ಮಧ್ಯಕ್ಕೆ ಗುದ್ದೋದು, ಈ ಎರಡು ಭಯಂಕರ ಬಗೆಗೆ ಅಲ್ಲಿ ಜಾಗವೇ ಉಳಿಯೋದಿಲ್ಲ.

ಇನ್ನೊಂದು ಕೆಲಸವನ್ನೂ ವೃತ್ತ ಮಾಡುತ್ತೆ. ಸರಿಯಾಗಿ ಕಟ್ಟಿದ್ರೆ ಅದು ಗಾಡಿಯ ದಾರಿಯನ್ನೇ ಬಗ್ಗಿಸುತ್ತೆ. ಬಾಗಿದ ದಾರಿಯಲ್ಲಿ ಯಾರೂ 60ರಲ್ಲಿ ಹೋಗೋಕಾಗಲ್ಲ. ವೇಗ ಅರ್ಧ ಆದ್ರೆ ಪೆಟ್ಟಿನ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತೆ, ಇದು ಹೈಸ್ಕೂಲ್ ಭೌತಶಾಸ್ತ್ರ. ಹಾಗಾಗಿ ಅಲ್ಲೂ ಜನ ತಪ್ಪು ಮಾಡ್ತಾರೆ, ಗಾಡಿ ತಾಗಿಸ್ತಾರೆ. ಆದ್ರೆ ಬಂಪರ್ ಹೋಗುತ್ತೆ, ಪ್ರಾಣ ಉಳಿಯುತ್ತೆ.

ಅಮೆರಿಕದಲ್ಲಿ ವಿಮಾ ಕಂಪನಿಗಳ ದುಡ್ಡಲ್ಲಿ ನಡೆಯುವ ಹೆದ್ದಾರಿ ಸುರಕ್ಷತಾ ಸಂಸ್ಥೆ ಒಂದಿದೆ. ಸಿಗ್ನಲ್ ಅಥವಾ ಸ್ಟಾಪ್ ಫಲಕ ಇದ್ದ ಜಂಕ್ಷನ್‌ಗಳನ್ನ ವೃತ್ತ ಮಾಡಿದ ಮೇಲೆ ಏನಾಯ್ತು ಅಂತ ಅವರು ಲೆಕ್ಕ ಹಾಕಿದ್ರು. ಒಟ್ಟು ಅಪಘಾತ ಶೇ 40ರ ಆಸುಪಾಸು ಕಡಿಮೆಯಾಗಿತ್ತು. ಜನಕ್ಕೆ ಗಾಯ ಆಗುವಂಥ ಅಪಘಾತ ಸುಮಾರು ಮುಕ್ಕಾಲು ಭಾಗ ಕಡಿಮೆ. ಪರಿಹಾರದ ದುಡ್ಡು ಕಟ್ಟಬೇಕಾದವರು ಹಾಕಿದ ಲೆಕ್ಕ ಇದು. ನನ್ನಂಥ ಕಾಮರ್ಸ್‌ನವರು ಇಂಥ ಲೆಕ್ಕವನ್ನ ಸ್ವಲ್ಪ ಹೆಚ್ಚೇ ನಂಬ್ತಾರೆ.

ಇಲ್ಲಿ ನೀವು ಕೇಳಬಹುದು: ಸರ್ಕಲ್ ಅನ್ನೋದು ಹಳೇ ವಿಷಯ ಅಲ್ವಾ, ಇದರಲ್ಲಿ ಹೊಸದೇನಿದೆ? ನಿಜ, ವೃತ್ತ ಹಳೆಯದು. ನ್ಯೂಯಾರ್ಕಿನ ಕೊಲಂಬಸ್ ಸರ್ಕಲ್‌ನಲ್ಲಿ 1905ರಲ್ಲೇ ಸುತ್ತಿ ಹೋಗೋ ಪದ್ಧತಿ ಬಂತು. ಆದ್ರೆ ಹಳೇ ಸರ್ಕಲ್‌ಗಳಲ್ಲಿ ಒಂದು ದೊಡ್ಡ ತೊಂದರೆ ಇತ್ತು. ಒಳಗೆ ಬರೋರು ಮೊದಲಾ, ಒಳಗಿರೋರು ಮೊದಲಾ ಅನ್ನೋದು ಒಂದೋ ತೀರ್ಮಾನ ಆಗಿರಲಿಲ್ಲ, ಇಲ್ಲಾ ಒಳಗೆ ಬರೋರಿಗೆ ಮೊದಲು ಅಂತ ಇತ್ತು.

ಇದರ ಪರಿಣಾಮ ತಿಳೀಬೇಕಾದ್ರೆ ಸಂಜೆ ಆರು ಗಂಟೆಗೆ ಬಸ್ಸಿನ ಬಾಗಿಲು ನೋಡಿ. ಇಳಿಯೋರಿಗೆ ಜಾಗ ಬಿಡದೆ ಹತ್ತೋರೇ ನುಗ್ಗಿದ್ರೆ ಏನಾಗುತ್ತೆ? ಇಳಿಯೋರು ಇಳಿಯಲ್ಲ, ಹತ್ತೋರು ಹತ್ತಲ್ಲ, ಬಸ್ಸೂ ಹೊರಡಲ್ಲ. ಸರ್ಕಲ್ ಕೂಡ ಹಾಗೇ. ಹೊರಗಿನವರು ನುಗ್ಗಿದ್ರೆ ಒಳಗಿನವರು ನಿಲ್ತಾರೆ. ಒಳಗಿನವರು ನಿಂತರೆ ಅವರ ಹಿಂದಿರೋರಿಗೆ ತಮ್ಮ ರಸ್ತೆಗೆ ತಿರುಗಿ ಆಚೆ ಹೋಗೋಕೆ ಆಗಲ್ಲ. ಎರಡು ನಿಮಿಷದಲ್ಲಿ ಇಡೀ ವೃತ್ತ ಬೀಗ ಹಾಕಿದ ಹಾಗೆ ಕೂರುತ್ತೆ.

ಇದಕ್ಕೆ ಮದ್ದು ಸಿಕ್ಕಿದ್ದು ಬ್ರಿಟನ್ನಿನಲ್ಲಿ. ಅಲ್ಲಿನ ರಸ್ತೆ ಸಂಶೋಧನಾಲಯದ ಫ್ರಾಂಕ್ ಬ್ಲ್ಯಾಕ್‌ಮೋರ್ ಅನ್ನೋ ಎಂಜಿನಿಯರ್ ಮತ್ತು ಅವರ ಜೊತೆಗಾರರು ಪ್ರಯೋಗ ಮಾಡಿ ನೋಡಿದ್ರು. 1966ರ ನವೆಂಬರಿನಲ್ಲಿ ಅದು ದೇಶದ ನಿಯಮವೇ ಆಯ್ತು. ನಿಯಮ ಒಂದೇ ಸಾಲು: ಬಲಗಡೆಯಿಂದ ಬರೋರಿಗೆ ದಾರಿ ಬಿಡಿ. ಬ್ರಿಟನ್ನಿನಲ್ಲೂ ನಮ್ಮ ಹಾಗೆ ಎಡಗಡೆ ಸಂಚಾರ, ಹಾಗಾಗಿ ವೃತ್ತದೊಳಗೆ ಸುತ್ತುತ್ತಿರೋರು ಯಾವಾಗಲೂ ನಿಮ್ಮ ಬಲಗಡೆಯಿಂದಲೇ ಬರ್ತಾರೆ. ಅಂದ್ರೆ ಬಸ್ಸಿನ ಲೆಕ್ಕದಲ್ಲಿ, ಇಳಿಯೋರು ಮೊದಲು. ಇಂಗ್ಲಿಷಿನಲ್ಲಿ 'ಮಾಡರ್ನ್ ರೌಂಡ್‌ಅಬೌಟ್' ಅನ್ನೋದು ಇದಕ್ಕೇ.

ಈ ಒಂದು ಸಾಲಿಗೆ ಎಷ್ಟು ಶಕ್ತಿ ಇದೆ ಅನ್ನೋದಕ್ಕೆ ಇಂಗ್ಲೆಂಡಿನ ಸ್ವಿಂಡನ್ ಊರನ್ನ ನೋಡಬೇಕು. ಅಲ್ಲಿ ಐದು ರಸ್ತೆ ಕೂಡೋ ಜಾಗದಲ್ಲಿ 1972ರಲ್ಲಿ ಒಂದು ವಿಚಿತ್ರ ಮಾಡಿದ್ರು. ಒಂದು ದೊಡ್ಡ ವೃತ್ತ, ಅದರ ಸುತ್ತ ಐದು ಪುಟ್ಟ ವೃತ್ತ. ಪುಟ್ಟ ವೃತ್ತಗಳಲ್ಲಿ ಗಡಿಯಾರದ ಮುಳ್ಳಿನ ದಿಕ್ಕಲ್ಲಿ ಸುತ್ತಬೇಕು, ಮಧ್ಯದ್ದರಲ್ಲಿ ಅದಕ್ಕೆ ಉಲ್ಟಾ. ಮೇಲಿಂದ ತೆಗೆದ ಫೋಟೋ ನೋಡಿದ್ರೆ ತಲೆ ತಿರುಗುತ್ತೆ. ಆದ್ರೆ ಅರ್ಧ ಶತಮಾನದಿಂದ ಜನ ಅದರಲ್ಲಿ ಓಡಾಡ್ತಾನೇ ಇದ್ದಾರೆ. ಹೇಗೆ? ಅಲ್ಲಿನ ಡ್ರೈವರ್ ಇಡೀ ನಕ್ಷೆ ತಲೇಲಿ ಇಟ್ಕೊಳ್ಳೋ ಅಗತ್ಯ ಇಲ್ಲ. ಎದುರಿಗಿರೋ ಒಂದು ಪುಟ್ಟ ವೃತ್ತ, ಬಲಕ್ಕೆ ಒಂದು ನೋಟ, ಜಾಗ ಇದ್ರೆ ಮುಂದೆ. ಆಮೇಲೆ ಮುಂದಿನ ಪುಟ್ಟ ವೃತ್ತ. ಅಷ್ಟೇ.

ಅದನ್ನ ಶುರು ಮಾಡಿದ ರೀತಿಯೂ ಗಮನಿಸಿ. ಮೊದಲ ದಿನವೇ ಕಲ್ಲು ಕಾಂಕ್ರೀಟು ಹಾಕಿ ಮುಗಿಸಲಿಲ್ಲ. ಪುಟ್ಟ ವೃತ್ತಗಳನ್ನ ಜರುಗಿಸಿ ಸರಿಪಡಿಸೋಕೆ ಆಗೋ ಹಾಗೆ ತಾತ್ಕಾಲಿಕವಾಗಿ ಗುರುತು ಮಾಡಿದ್ರು. ಪ್ರಯೋಗ ನಡೆಯುವಷ್ಟು ದಿನ ಪ್ರತಿ ಪುಟ್ಟ ವೃತ್ತದ ಹತ್ರ ಒಬ್ಬ ಪೊಲೀಸ್ ನಿಂತಿದ್ರು. ರೂಢಿ ಆಗೋವರೆಗೆ ಜನಕ್ಕೆ ಕೈ ಹಿಡಿದು ಕಲಿಸಿದ್ರು ಅಂತ ಇಟ್ಕೊಳ್ಳಿ.

ಹೊಸದು ಅಂದ್ರೆ ಜನ ಮೊದಲು ಬೇಡ ಅಂತಾರೆ, ಇದು ಎಲ್ಲಾ ಕಡೆ ಇದ್ದದ್ದೇ. ಆಗಲೇ ಹೇಳಿದ ಅಮೆರಿಕದ ಸಂಸ್ಥೆಯವರು ಮೂರು ರಾಜ್ಯಗಳಲ್ಲಿ ಡ್ರೈವರ್‌ಗಳನ್ನ ಕೇಳಿದ್ರು. ವೃತ್ತ ಕಟ್ಟೋ ಮುಂಚೆ ಬೇಕು ಅಂದವರು ಶೇ 31. ಕಟ್ಟಿ ಸ್ವಲ್ಪ ದಿನ ಓಡಾಡಿದ ಮೇಲೆ ಶೇ 63. ಕಟುವಾಗಿ ವಿರೋಧಿಸ್ತಿದ್ದವರು ಶೇ 41ರಿಂದ 15ಕ್ಕೆ ಇಳಿದಿದ್ರು. ಇಂಡಿಯಾನಾ ರಾಜ್ಯದ ಕಾರ್ಮೆಲ್ ಅನ್ನೋ ಸಣ್ಣ ನಗರದ ಮೇಯರ್ ಜಿಮ್ ಬ್ರೈನಾರ್ಡ್ ಇಂಗ್ಲೆಂಡಿನಲ್ಲಿ ವೃತ್ತಗಳನ್ನ ನೋಡಿದ್ದವರು. 1990ರ ದಶಕದ ಕೊನೆಯಲ್ಲಿ ತಮ್ಮೂರಲ್ಲಿ ಶುರು ಮಾಡಿದ್ರು, ಇವತ್ತು ಅಲ್ಲಿ 150ಕ್ಕೂ ಹೆಚ್ಚು ವೃತ್ತಗಳಿವೆ. ಜನಕ್ಕೆ ಅಷ್ಟು ಬೇಸರ ಆಗಿದ್ರೆ 2023ರವರೆಗೆ ಅವರನ್ನೇ ಮತ್ತೆ ಮತ್ತೆ ಮೇಯರ್ ಮಾಡ್ತಿದ್ರಾ?

ಇನ್ನೊಂದು ಹೊಸ ವಿನ್ಯಾಸ ಇದಕ್ಕಿಂತ ವಿಚಿತ್ರ. ಹೆಸರು ಡೈವರ್ಜಿಂಗ್ ಡೈಮಂಡ್. ಹೆದ್ದಾರಿಯ ಮೇಲೆ ಸೇತುವೆ ದಾಟುವಾಗ ಎರಡೂ ದಿಕ್ಕಿನ ಗಾಡಿಗಳು ಪಕ್ಕ ಬದಲಾಯಿಸ್ತವೆ. ಅಂದ್ರೆ ಬಲಗಡೆ ಓಡಿಸೋ ಅಮೆರಿಕದವರು ಸ್ವಲ್ಪ ದೂರ ಎಡಗಡೆ ಓಡಿಸ್ತಾರೆ! ಇದರಿಂದ ಹೆದ್ದಾರಿಗೆ ತಿರುಗೋರು ಎದುರು ಬರೋ ಗಾಡಿಗಳನ್ನ ಅಡ್ಡ ದಾಟೋ ಪ್ರಶ್ನೆಯೇ ಬರಲ್ಲ. ನಮ್ಮಲ್ಲಾದ್ರೆ ಅದು ಬಲ ತಿರುವು, ಜಂಕ್ಷನ್‌ನ ಅತಿ ಕಷ್ಟದ ತಿರುವು. ಫ್ರಾನ್ಸಿನ ವರ್ಸೈನಲ್ಲಿ 1970ರ ದಶಕದಲ್ಲೇ ಇಂಥದ್ದೊಂದು ಇತ್ತು. ಅಮೆರಿಕದಲ್ಲಿ ಗಿಲ್ಬರ್ಟ್ ಚ್ಲೆವಿಕಿ ಅನ್ನೋರು ವಿದ್ಯಾರ್ಥಿಯಾಗಿದ್ದಾಗಲೇ ಈ ಯೋಚನೆ ಮುಂದಿಟ್ಟರು. 2009ರಲ್ಲಿ ಮಿಸೌರಿ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ ಅಲ್ಲಿನ ಮೊದಲನೆಯದು ತೆರೀತು, ಈಗ ನೂರಕ್ಕೂ ಹೆಚ್ಚು ಇವೆ.

ಜನ ತಪ್ಪು ಪಕ್ಕಕ್ಕೆ ನುಗ್ಗಿಬಿಡ್ತಾರೆ ಅನ್ನೋ ಭಯ ಸಹಜ. ಆದ್ರೆ ಅಲ್ಲಿ ರಸ್ತೆಯ ಬಾಗು, ಅಂಚುಕಲ್ಲು, ಬಾಣದ ಗುರುತು, ಸಿಗ್ನಲ್, ಎಲ್ಲಾ ಸೇರಿ ಗಾಡಿಯನ್ನ ಸರಿಯಾದ ಕಡೆಗೇ ತಗೊಂಡು ಹೋಗ್ತವೆ. ತಾನು ಪಕ್ಕ ಬದಲಿಸಿದೆ ಅಂತ ಡ್ರೈವರ್ ಯೋಚಿಸಬೇಕಾಗಿಯೇ ಇಲ್ಲ.

ಹಾಗಾದ್ರೆ ಎರಡು ಬಗೆ ಆಯ್ತು. ಡೈಮಂಡ್‌ನಲ್ಲಿ ತೀರ್ಮಾನವನ್ನ ರಸ್ತೆ ತಗೊಳ್ಳುತ್ತೆ. ವೃತ್ತದಲ್ಲಿ ವೇಗ ಕಡಿಮೆ ಮಾಡೋ ಕೆಲಸ ರಸ್ತೆಯದು, ದಾರಿ ಬಿಡೋ ಕೆಲಸ ಡ್ರೈವರ್‌ದು. ವೃತ್ತ ಅರ್ಧ ಕಾಂಕ್ರೀಟು, ಅರ್ಧ ರೂಢಿ.

ಈಗ ನಮ್ಮೂರಿಗೆ ಬರೋಣ. ಕರ್ನಾಟಕಕ್ಕೆ ಸರ್ಕಲ್ ಹೊಸದಲ್ಲ. ಮೈಸೂರಿನ ಕೆ.ಆರ್. ಸರ್ಕಲ್, ಚಾಮರಾಜ ಸರ್ಕಲ್, ಹಾರ್ಡಿಂಜ್ ಸರ್ಕಲ್ ಯಾರಿಗೆ ಗೊತ್ತಿಲ್ಲ? ಬೆಂಗಳೂರಿನಲ್ಲಿ ಹಡ್ಸನ್ ಸರ್ಕಲ್, ಆನಂದರಾವ್ ಸರ್ಕಲ್ ಅಂತ ಹೆಸರು ಉಳಿದಿದೆ, ಗಾಡಿ ನಿಲ್ಲಿಸೋದು ಮಾತ್ರ ಸಿಗ್ನಲ್.

ನಿಯಮವೂ ನಮಗೆ ಹೊಸದಲ್ಲ. ಮುಖ್ಯ ರಸ್ತೆ ಅಲ್ಲದ ಕಡೆ ಜಂಕ್ಷನ್‌ಗೆ ಬರುವಾಗ ಬಲಗಡೆಯಿಂದ ಬರೋರಿಗೆ ದಾರಿ ಬಿಡಬೇಕು ಅಂತ 1989ರ ರಸ್ತೆ ನಿಯಮದಲ್ಲೇ ಬರೆದಿತ್ತು. ಎಲ್‌ಎಲ್‌ಆರ್ ಪರೀಕ್ಷೆಯಲ್ಲಿ ಈ ಪ್ರಶ್ನೆ ಬರುತ್ತೆ, ಸರಿ ಉತ್ತರಕ್ಕೆ ಟಿಕ್ ಹಾಕ್ತೀವಿ. ಆಮೇಲೆ ಡ್ರೈವಿಂಗ್ ಸ್ಕೂಲಿನಲ್ಲಿ ಎಂಟು ಹಾಕೋದು, ರಿವರ್ಸ್ ತಗೊಳ್ಳೋದು ಕಲಿಸ್ತಾರೆ. ಸರ್ಕಲ್ ಮುಂದೆ ನಿಂತು ಬಲಕ್ಕೆ ನೋಡಿ ಜಾಗ ಕಾಯೋದನ್ನ ಎಷ್ಟು ಜನಕ್ಕೆ ಕಲಿಸಿದ್ದಾರೆ ಹೇಳಿ?

ಕಲಿತವರಿಗೂ ಲಾಭ ಇಲ್ಲ ಅನ್ನೋದು ಇನ್ನೊಂದು ಕಥೆ. ನೀವು ನಿಯಮದ ಪ್ರಕಾರ ನಿಂತರೆ ಹಿಂದಿನವರು ಹಾರ್ನ್ ಬಾರಿಸ್ತಾರೆ, ಎಡಗಡೆಯಿಂದ ಎರಡು ಬೈಕು, ಒಂದು ಆಟೋ ಮೂತಿ ತೂರಿಸುತ್ತೆ. ದಾರಿ ಬಿಟ್ಟವರಿಗೆ ನಷ್ಟ, ನುಗ್ಗಿದವರಿಗೆ ಲಾಭ. ಇಂಥ ಕಡೆ ಎಲ್ಲರೂ ನುಗ್ಗೋದನ್ನೇ ಕಲೀತಾರೆ. ಇದೂ ಹೊಂದಾಣಿಕೆಯೇ, ಕೆಟ್ಟ ಹೊಂದಾಣಿಕೆ. ಇದೇ ಜನ ಮೆಟ್ರೋ ಸ್ಟೇಷನ್‌ನಲ್ಲಿ ಕ್ಯೂ ನಿಲ್ತಾರೆ, ನೋಡಿದ್ದೀರಲ್ಲ?

ಲೆಕ್ಕ ಕೆಡಿಸೋದ್ರಲ್ಲಿ ರಸ್ತೆಯ ಪಾಲೂ ಇದೆ. ನಮ್ಮ ಎಷ್ಟೋ ಸರ್ಕಲ್‌ಗಳಿಗೆ ಒಳಬರೋ ದಾರಿ ಮೈದಾನದಷ್ಟು ಅಗಲ. ಬರೋರನ್ನೂ ಹೋಗೋರನ್ನೂ ಬೇರೆ ಮಾಡೋ ತ್ರಿಕೋನದ ಸಣ್ಣ ಕಟ್ಟೆ ಇರಲ್ಲ. ಎಲ್ಲಿ ನಿಲ್ಲಬೇಕು ಅನ್ನೋ ಗೆರೆ ಅಳಿಸಿಹೋಗಿರುತ್ತೆ. ಹೊರಗೆ ಹೋಗೋ ಬಾಯಲ್ಲೇ ಬಸ್ ಸ್ಟಾಪ್, ಆಟೋ ಸ್ಟ್ಯಾಂಡ್, ಪಾನಿಪುರಿ ಗಾಡಿ. ನೀರು ಹೋಗೋ ಪೈಪಿನ ಬಾಯಿ ಮುಚ್ಚಿ ನಲ್ಲಿ ಬಿಟ್ಟರೆ ಏನಾಗುತ್ತೋ ಅದೇ ಆಗುತ್ತೆ. ಮಧ್ಯದಲ್ಲಿ ಕಾರಂಜಿ, ಹೂವಿನ ಕುಂಡ ಮಾತ್ರ ಚೆನ್ನಾಗಿರುತ್ತೆ.

ವೃತ್ತ ಎಲ್ಲದಕ್ಕೂ ಮದ್ದು ಅಂತ ನಾನು ಹೇಳಲ್ಲ. ಒಂದು ಕಡೆಯಿಂದ ಗಾಡಿಗಳ ಪ್ರವಾಹ ಬಿಡುವಿಲ್ಲದೆ ಬರ್ತಿದ್ರೆ ಉಳಿದವರಿಗೆ ಸಂದಿಯೇ ಸಿಗಲ್ಲ, ಅಲ್ಲಿ ಸಿಗ್ನಲ್ ಬೇಕೇ ಬೇಕು. ಕಾರಿನವರಿಗೆ ಆದಷ್ಟು ಲಾಭ ಸೈಕಲ್‌ನವರಿಗೆ ಯುರೋಪಿನಲ್ಲೂ ಎಲ್ಲಾ ಕಡೆ ಆಗಿಲ್ಲ. ಕಣ್ಣು ಕಾಣದವರಿಗೆ ನಿಲ್ಲದೆ ಹರಿಯೋ ಗಾಡಿಗಳ ಸದ್ದಿನಲ್ಲಿ ಸಂದಿ ಗುರುತಿಸೋದು ಕಷ್ಟ. ಅದಕ್ಕೇ ಒಳ್ಳೆ ವಿನ್ಯಾಸದಲ್ಲಿ ಜೀಬ್ರಾ ಪಟ್ಟಿಯನ್ನ ನಿಲ್ಲೋ ಗೆರೆಗಿಂತ ಒಂದು ಕಾರಿನಷ್ಟು ಹಿಂದೆ ಇಡ್ತಾರೆ, ಮಧ್ಯದ ಕಟ್ಟೆಯಲ್ಲಿ ನಿಂತು ಉಸಿರಾಡೋಕೆ ಜಾಗ ಕೊಡ್ತಾರೆ. ಅಜ್ಜಿ ಒಬ್ಬರು ಒಂದು ಸಲಕ್ಕೆ ಒಂದು ದಿಕ್ಕಿನ ಗಾಡಿ ನೋಡಿದ್ರೆ ಸಾಕು.

ನಮ್ಮೂರಲ್ಲಿ ಏನು ಮಾಡಬಹುದು? ಸ್ವಿಂಡನ್‌ನವರು ಮಾಡಿದ್ದನ್ನೇ. ಫ್ಲೈಓವರ್‌ಗೆ ಕೋಟಿ ಕೋಟಿ ಸುರಿಯೋ ಮೊದಲು ಒಂದು ಸಣ್ಣ ಜಂಕ್ಷನ್‌ನಲ್ಲಿ ಬಣ್ಣ, ಕೋನು, ಮರಳಿನ ಮೂಟೆ ಇಟ್ಟು ನೋಡಲಿ. ಬಾಯಿ ಕಿರಿದು ಮಾಡಲಿ, ನಿಲ್ಲೋ ಗೆರೆ ಎಳೀಲಿ, ಬಸ್ ಸ್ಟಾಪನ್ನ ಐವತ್ತು ಮೀಟರ್ ಮುಂದಕ್ಕೆ ಸರಿಸಲಿ. ಕೆಲವು ವಾರ ಪೊಲೀಸರು ನಿಂತು ಒಂದೇ ಮಾತು ಹೇಳಲಿ: ಒಳಗಿರೋರು ಮೊದಲು. ಸರಿ ಹೋಗಲಿಲ್ಲ ಅಂದ್ರೆ ಕೋನು ಎತ್ತಿಟ್ಟರೆ ಆಯ್ತು, ನಷ್ಟ ಎಷ್ಟು? ವಾರ್ಡಿನ ಸಭೆ ನಡೆದಾಗ ಇದನ್ನ ಕೇಳೋಕೆ ಎಂಜಿನಿಯರ್ ಆಗಿರಬೇಕಿಲ್ಲ.

ಅಲ್ಲಿಯವರೆಗೆ ನಿಮ್ಮ ಕೈಲಿ ಆಗೋದು ಒಂದಿದೆ. ಮುಂದಿನ ಸಲ ಸರ್ಕಲ್ ಬಂದಾಗ ಬ್ರೇಕ್ ಮೇಲೆ ಕಾಲಿಟ್ಟು ಬಲಕ್ಕೆ ನೋಡಿ, ಒಳಗಿರೋರನ್ನ ಹೋಗೋಕೆ ಬಿಡಿ. ಹಿಂದೆ ಹಾರ್ನ್ ಕೇಳುತ್ತೆ, ಕೇಳಲಿ. ಒಳಗೆ ಸುತ್ತಿಬರ್ತಿರೋ ಆ ಸ್ಕೂಟರ್ ಮೇಲೆ ಯಾರ ಮನೆಯವರೋ ಇರ್ತಾರೆ.

ನಿಮ್ಮೂರಲ್ಲಿ ನಿಜವಾಗಲೂ ಚೆನ್ನಾಗಿ ಕೆಲಸ ಮಾಡೋ ಸರ್ಕಲ್ ಇದ್ರೆ ಅದು ಯಾವುದು, ಯಾಕೆ ಚೆನ್ನಾಗಿದೆ ಅಂತ ಒಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿ. ಒಳ್ಳೆಯದನ್ನ ಮುಂದಿನ ಸಂಚಿಕೆಯಲ್ಲಿ ಎಲ್ಲರೂ ಸೇರಿ ಕೇಳೋಣ.  ಹೆಲ್ಮೆಟ್ ಬೆಲ್ಟ್ ಹಾಕ್ಕೊಂಡು ನಿಧಾನವಾಗಿ ಹೋಗಿ ಬನ್ನಿ, ನಮಸ್ಕಾರ.