ಹೆಸರಿನೊಳಗೆ ಅಡಗಿದ ನೋವು

ಬೈಬಲಿನ ಪೂರ್ವಕಾಲವೃತ್ತಾಂತದ ಮೊದಲ ಭಾಗ ತೆರೆದರೆ, ಆರಂಭದ 9 ಅಧ್ಯಾಯಗಳ ತುಂಬ ಹೆಚ್ಚಾಗಿ ಹೆಸರುಗಳೇ. ಬೇಗ ಪುಟ ಮಗುಚಿಬಿಡೋಣ ಅನ್ನಿಸುತ್ತದೆ. ಆದರೆ 4ನೆಯ ಅಧ್ಯಾಯದಲ್ಲಿ, ಯೆಹೂದ ಕುಲದ ಪಟ್ಟಿ ಸಾಗುತ್ತಿರುವಾಗಲೇ, ಯಾಬೇಚ ಎಂಬವನ ಬಳಿ ಬರಹ ಗಕ್ಕನೆ ನಿಲ್ಲುತ್ತದೆ. ನೋವುಂಡು ಹೆತ್ತ ಮಗನೆಂದು ತಾಯಿ ಇಟ್ಟ ಹೆಸರು ಅದು. ಹೀಬ್ರೂವಿನಲ್ಲಿ ನೋವೆಂದರೆ ‘ಓತ್ಸೆಬ್’. ಐನ್, ತ್ಸಾದೆ, ಬೇತ್ ಎಂಬ ಅಕ್ಷರಗಳು. ಮಗನ ಹೆಸರಿನಲ್ಲಿ ಕೊನೆಯ ಎರಡು ಅದಲುಬದಲಾಗಿವೆ. ತನ್ನ ನೋವನ್ನು ಆ ತಾಯಿ ಬಚ್ಚಿಡಲಿಲ್ಲ. ಇದ್ದಂತೆಯೇ ಮಗುವಿನ ಮೈಗೆ ಅಂಟಿಸಲೂ ಇಲ್ಲ. ನನಗಂತೂ ಹಾಗೆ ಕಾಣುತ್ತದೆ. ಮುಂದೆ ಯಾಬೇಚ ದೇವರಲ್ಲಿ ಬೇಡಿಕೊಂಡದ್ದರಲ್ಲೂ ಅದೇ ಧಾತು ಬರುತ್ತದೆ: ನೋವು ತನ್ನನ್ನು ಮುಟ್ಟದಿರಲಿ ಎಂದು. ದೇವರು ಅದನ್ನು ನಡೆಸಿಕೊಟ್ಟ. ಮರುಸಾಲಿನಿಂದ ಮತ್ತೆ ಹೆಸರುಗಳು.